ಕರೆಂಟಿನ ಲೆಕ್ಕ ಕನ್ನಡದಲ್ಲಿ ಕೇಳೋಣ
(ಕನ್ನಡ ಯುವಕರ ಸಭೆಯಲ್ಲಿ ಮಾಡಿದ ಭಾಷಣ)

ಕನ್ನಡದ ಯುವ ಗೆಳೆಯರೇ,

ನಾಮಫಲಕದ ಕನ್ನಡಕ್ಕಾಗಿ ಬೀದಿಗಿಳಿದವರು ನೀವು. ಇಂದು ನಿಮ್ಮ ಕಣ್ಣಿಗೆ ಬೀಳದ ಇನ್ನೊಂದು ಫಲಕದ ಮಾತಾಡುತ್ತೇನೆ. ಅದು ನಮ್ಮ ಕರೆಂಟನ್ನು ಆಳುವ ಕಂಪ್ಯೂಟರ್ ಪರದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅಂದು ಒಂದು ಜಲಪಾತ, ಒಂದು ಮಾರ್ಗ. ಇಂದು ಶರಾವತಿಯ ನೀರು, ರಾಯಚೂರಿನ ಶಾಖ, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ ಎಲ್ಲವೂ ಒಂದೇ ಜಾಲಕ್ಕೆ ಸೇರುತ್ತವೆ. ಕರೆಂಟು ರಾಗಿಯಂತೆ ಕಣಜದಲ್ಲಿ ತುಂಬಿಡುವ ಸರಕಲ್ಲ. ಉತ್ಪಾದನೆ, ಬಳಕೆ ಎರಡೂ ಕ್ಷಣಕ್ಷಣವೂ ತೂಗಬೇಕು. ತೂಗಿದರೆ ಜಾಲದ ನಾಡಿ 50 ಹರ್ಟ್ಸ್. ಬಳಕೆ ಮೀರಿದರೆ ಅದು ಇಳಿಯುತ್ತದೆ.

2012ರ ಜುಲೈ 30 ಮತ್ತು 31ರಂದು ಉತ್ತರದ ಜಾಲ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಕೂತರು. ದಕ್ಷಿಣದ ಜಾಲದ ನಾಡಿ ಆಗ ಬೇರೆಯಾಗಿತ್ತು, ನಾವು ಉಳಿದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ನಮ್ಮನ್ನೂ ಬೆಸೆಯಿತು. ಈಗ ದೇಶಕ್ಕೆಲ್ಲ ಒಂದೇ ನಾಡಿ.

ಈ ನಾಡಿ ಹಿಡಿದು ಕೂತಿರುವುದು ತಂತ್ರಾಂಶ. ಉಪಕೇಂದ್ರಗಳ ಅಳತೆ ಸೆಕೆಂಡುಗಳಲ್ಲಿ ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ಬರುತ್ತದೆ. ಇನ್ನೊಂದು ತಂತ್ರಾಂಶ ಸಂತೆ ನಡೆಸುತ್ತದೆ. ಹೌದು, ಕರೆಂಟಿಗೂ 2008ರಿಂದ ವಿನಿಮಯ ಕೇಂದ್ರದ ಸಂತೆ ಇದೆ! ದಿನವನ್ನು 15 ನಿಮಿಷದಂತೆ 96 ತುಂಡು ಮಾಡಿ, ಒಂದು ದಿನ ಮೊದಲೇ ಕೊಳ್ಳುವವರೂ ಮಾರುವವರೂ ದರ ಕೂಗುತ್ತಾರೆ. ಬೇಡಿಕೆ, ಪೂರೈಕೆ ಕೂಡುವ ಕಡೆ ದರ ನಿಲ್ಲುತ್ತದೆ. 2022ರ ಬೇಸಿಗೆಯಲ್ಲಿ ದರ ಗಗನಕ್ಕೇರಿ, ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಯೂನಿಟ್ಟಿಗೆ 12 ರೂಪಾಯಿಯ ಮಿತಿ ಹಾಕಬೇಕಾಯಿತು.

ನಾಳೆಯ ಬೇಡಿಕೆಯ ಅಂದಾಜು ತಪ್ಪಿದರೆ ಪೆಟ್ಟು ಯಾರಿಗೆ? ನಡುರಾತ್ರಿ ತ್ರೀ ಫೇಸ್ ಕಾಯುವ ಪಂಪ್‌ಸೆಟ್ ರೈತನಿಗೆ. ಪೀಣ್ಯದ ಸಣ್ಣ ಕಾರ್ಖಾನೆಯ ಕಾರ್ಮಿಕನಿಗೆ. ದುಬಾರಿ ಖರೀದಿಯ ಹೊರೆ "ಹೊಂದಾಣಿಕೆ ಶುಲ್ಕ"ವಾಗಿ ನಿಮ್ಮ ಮನೆಯ ಬಿಲ್ಲಿಗೂ ಬರುತ್ತದೆ. ದುಡ್ಡು ಕೊಡುವವನು ಕನ್ನಡಿಗ. ಲೆಕ್ಕದ ಭಾಷೆ ಮಾತ್ರ ಅವನದಲ್ಲವೆಂದರೆ ಅದು ಯಾವ ನ್ಯಾಯ?

ನಮ್ಮ ಬೇಡಿಕೆ ಮೂರು. ವಿದ್ಯುತ್ ಖರೀದಿಯ ಲೆಕ್ಕ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಪ್ರಕಟವಾಗಲಿ. ಲೈನ್‌ಮನ್ನಿಗೆ ಈ ಯಂತ್ರಗಳ ತರಬೇತಿ ಕನ್ನಡದಲ್ಲಿ ಸಿಗಲಿ. ತಂತ್ರಾಂಶ ಕೊಳ್ಳುವ ಟೆಂಡರಿನಲ್ಲೇ ಕನ್ನಡದ ಷರತ್ತು ಇರಲಿ.

ಆದರೆ ಬರೀ ಘೋಷಣೆಯಿಂದ ದೀಪ ಹತ್ತುವುದಿಲ್ಲ. ಎಂಜಿನಿಯರಿಂಗ್ ಓದಿದ ಗೆಳೆಯರೇ, ಈ ವಿದ್ಯೆ ಕಲಿಯಿರಿ. ಕಲಿತದ್ದನ್ನು ನಿಮ್ಮ ತಾಯಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ. ಆ ಪರದೆಯ ಮುಂದೆ ಕೂರುವ ಕುರ್ಚಿ ನಿಮ್ಮದಾಗಲಿ. ಶಿವನಸಮುದ್ರದ ನಾಡು ಲೆಕ್ಕ ಕೇಳಲು ಅಂಜಬೇಕಿಲ್ಲ!

ಜೈ ಕರ್ನಾಟಕ!