ಪಾಸ್ ಅಂದ್ರೆ ಸೋಲೊಪ್ಪಿದ ಹಾಗಲ್ಲ



2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 60 ವರ್ಷದ ಪ್ರಣಬ್ ಬರ್ಧನ್, 56ರ ಶಿಬ್‌ನಾಥ್ ಸರ್ಕಾರ್ ಬ್ರಿಡ್ಜ್ ಆಡಿ ಭಾರತಕ್ಕೆ ಚಿನ್ನ ತಂದ್ರು. ‘ಇಸ್ಪೀಟಿಗೂ ಮೆಡಲ್ಲಾ?’ ಅಂತ ಆಗ ಕೇಳಿದವರು ಬಹಳ ಜನ. ಇವತ್ತು ನಾನು ಈ ಆಟದ ಒಂದೇ ಒಂದು ಪದದ ಬಗ್ಗೆ ಮಾತಾಡ್ತೀನಿ: ಪಾಸ್. ಅದು ಅರ್ಥವಾದ್ರೆ, ಈ ಆಟಕ್ಕೆ ಯಾಕೆ ಮೆಡಲ್ ಕೊಡ್ತಾರೆ ಅನ್ನೋದೂ ಅರ್ಥವಾಗುತ್ತೆ.

ಮೊದಲು ಆಟ ಏನು ಅಂತ ಚುಟುಕಾಗಿ. ನಾಲ್ಕು ಜನ, ಎದುರುಬದುರು ಕೂತವರು ಒಂದು ಜೋಡಿ. ತಲಾ 13 ಎಲೆ. ಆಡೋ ಮುಂಚೆ ಹರಾಜು: ಯಾವ ತುರುಫಿನಲ್ಲಿ ಎಷ್ಟು ಟ್ರಿಕ್ ಗೆಲ್ತೀವಿ ಅಂತ ಕೂಗೋದು. 35 ಬಿಡ್‌ಗಳು, ಜೊತೆಗೆ ಪಾಸ್, ಡಬಲ್, ರೀಡಬಲ್. ಇಡೀ ಭಾಷೆಯಲ್ಲಿ ಇರೋದು ಈ 38 ಮಾತು ಮಾತ್ರ. ಇಷ್ಟು ಬಡ ಭಾಷೆಯಲ್ಲಿ ಯಾವ ಮಾತನ್ನೂ ಸುಮ್ಮನೆ ಖರ್ಚು ಮಾಡೋಕಾಗಲ್ಲ, ಪಾಸನ್ನೂ ಕೂಡ.

ಒಂದು ಉದಾಹರಣೆ ನೋಡೋಣ. ನನ್ನ ಪಾರ್ಟ್ನರ್ 1 ಸ್ಪೇಡ್‌ನಿಂದ ಶುರು ಮಾಡ್ತಾರೆ. ನಾನು 2 ನೋಟ್ರಂಪ್ ಅಂತೀನಿ. ಅದು ಜೇಕಬಿ ಅನ್ನೋ ಪದ್ಧತಿ: ‘ನನ್ನ ಹತ್ರ ನಾಲ್ಕು ಸ್ಪೇಡ್ ಇದೆ, ಗೇಮ್ ಆಡುವಷ್ಟು ಬಲಾನೂ ಇದೆ.’ ಎದುರಾಳಿ 4 ಹಾರ್ಟ್ ಅಂತ ಅಡ್ಡ ಬರ್ತಾರೆ. ಪಾರ್ಟ್ನರ್ 4 ಸ್ಪೇಡ್. ಇನ್ನೊಬ್ಬ ಎದುರಾಳಿ 5 ಹಾರ್ಟ್. ಈಗ ಸರದಿ ನನ್ನದು.

ಅವರು ಗೆಲ್ಲೋಕೆ ಕೂಗಿಲ್ಲ, ಕಡಿಮೆ ನಷ್ಟದಲ್ಲಿ ಸೋಲೋಕೆ ಕೂಗಿದ್ದಾರೆ. ಲೆಕ್ಕ ನೋಡಿ. ನಾವು ವಲ್ನರಬಲ್, ಅಂದ್ರೆ ಬೋನಸ್ಸೂ ದಂಡಾನೂ ನಮಗೆ ಜಾಸ್ತಿ. ಅವರು ಅಲ್ಲ. ನಾವು 4 ಸ್ಪೇಡ್ ಗೆದ್ದಿದ್ರೆ 620. ಅವರು 5 ಹಾರ್ಟ್ ಆಡಿ ಮೂರು ಟ್ರಿಕ್ ಸೋತರೆ ನಮಗೆ ಬರೀ 150. ಡಬಲ್ ಮಾಡಿದ್ರೆ 500. ಹಾಗಾಗಿ ಡಬಲ್ ಇಲ್ಲದೆ ಅವರನ್ನ ಬಿಡೋ ಮಾತೇ ಇಲ್ಲ. ಇರೋದು ಎರಡೇ ದಾರಿ: ಡಬಲ್, ಇಲ್ಲಾ 5 ಸ್ಪೇಡ್. ಅದು ಗೆದ್ದರೆ 650, ಒಂದು ಟ್ರಿಕ್ ಕಡಿಮೆಯಾದ್ರೆ ಕೈಯಿಂದಲೇ 100 ಹೋಗುತ್ತೆ.

ಯಾವುದು ಸರಿ ಅಂತ ನನ್ನ ಎಲೆ ನೋಡಿ ಹೇಳೋಕಾಗದಿದ್ರೆ? ಆಗ ನಾನು ಪಾಸ್ ಮಾಡ್ತೀನಿ. ಇದೇ ಫೋರ್ಸಿಂಗ್ ಪಾಸ್. ‘ಹರಾಜು ಇಲ್ಲಿಗೆ ಮುಗಿಯಲ್ಲ, ತೀರ್ಮಾನ ನಿಮ್ಮದು’ ಅಂತ ಪಾರ್ಟ್ನರ್‌ಗೆ ಹೇಳಿದ ಹಾಗೆ. ಅವರು ಪಾಸ್ ಮಾಡೋ ಹಾಗಿಲ್ಲ. ಅವರ ಕೈಲಿ ಒಂದೇ ಹಾರ್ಟ್ ಇದ್ರೆ ಮುಂದೆ ಹೋಗಬಹುದು. ಎರಡು ಮೂರು ಸಣ್ಣ ಹಾರ್ಟ್ ಇದ್ರೆ ಡಬಲ್ ಮಾಡ್ತಾರೆ. ನಾನೇ ಡಬಲ್ ಮಾಡಿದ್ರೆ ಅರ್ಥ ಬೇರೆ: ‘ಮುಂದೆ ಹೋಗೋದು ಬೇಡ.’

ಇನ್ನೂ ಒಂದು ಮೆಟ್ಟಿಲು ಇದೆ. ನಾನು ಪಾಸ್ ಮಾಡಿ, ಪಾರ್ಟ್ನರ್ ಡಬಲ್ ಮಾಡಿದ ಮೇಲೆ ನಾನು 5 ಸ್ಪೇಡ್ ಹೇಳಿದ್ರೆ? ಹೆಚ್ಚಿನ ಜೋಡಿಗಳಿಗೆ ಅದು ನೇರವಾಗಿ 5 ಸ್ಪೇಡ್ ಹೇಳೋದಕ್ಕಿಂತ ಬಲವಾದ ಮಾತು. 12 ಟ್ರಿಕ್‌ನ ಸ್ಲಾಮ್ ಮೇಲೆ ಕಣ್ಣಿದೆ ಅಂತ.

ಎಡವಟ್ಟು ಆಗೋದು ಎಲ್ಲಿ ಗೊತ್ತಾ? ಒಬ್ಬರು ‘ಇದು ಫೋರ್ಸಿಂಗ್’ ಅಂದುಕೊಂಡಿರ್ತಾರೆ, ಇನ್ನೊಬ್ಬರು ‘ಬರೀ ಪಾಸ್’ ಅಂದುಕೊಂಡಿರ್ತಾರೆ. ಎದುರಾಳಿಗಳು ಡಬಲ್ ಇಲ್ಲದೆ ಅಗ್ಗಕ್ಕೆ ಪಾರಾಗ್ತಾರೆ. ನಮ್ಮ 4 ಸ್ಪೇಡ್ ಬಲದಿಂದ ಬಂದಿರದೆ, ಅವರ ದಾರಿಗೆ ಅಡ್ಡಗಾಲು ಹಾಕೋಕೆ ನೆಗೆದು ಹೇಳಿದ್ದಾದ್ರೆ ಪಾಸ್ ಫೋರ್ಸಿಂಗ್ ಅಲ್ಲ. ಹಾಗಾಗಿ ಹೊಸ ಪಾರ್ಟ್ನರ್ ಜೊತೆ ಕೂತಾಗ ಕಾಫಿ ಬರೋದಕ್ಕೆ ಮುಂಚೆ ನಾನು ಕೇಳೋದು ಇದನ್ನೇ: ‘ಸರ್, ನಮ್ಮ ಪಾಸ್ ಯಾವಾಗ ಫೋರ್ಸಿಂಗ್?’

ಇದು ಕಣ್ಸನ್ನೆ ಅಲ್ಲ, ಕಳ್ಳಾಟನೂ ಅಲ್ಲ. ನಮ್ಮ ಒಪ್ಪಂದ ಏನು ಅಂತ ಎದುರಾಳಿ ಕೇಳಿದ್ರೆ ಹೇಳಲೇಬೇಕು. ಬಿಡ್ಡಿಂಗ್ ಬಾಕ್ಸ್‌ನಿಂದ ಹಸಿರು ಪಾಸ್ ಕಾರ್ಡನ್ನ ಒಂದು ನಿಮಿಷ ತಡಕಾಡಿ ತೆಗೆದ್ರೆ, ಆ ತಡ ನೋಡಿ ಪಾರ್ಟ್ನರ್ ಲಾಭ ಮಾಡ್ಕೊಳ್ಳೋ ಹಾಗಿಲ್ಲ. ಡೈರೆಕ್ಟರ್ ಬಂದು ಸ್ಕೋರ್ ಬದಲಿಸಬಹುದು. ಅರ್ಥ ಇರಬೇಕಾದ್ದು ಕಾರ್ಡಿನಲ್ಲಿ, ಮುಖದಲ್ಲಿ ಅಲ್ಲ.

ಪಾಸಿನ ಇನ್ನೊಂದು ವಿಚಿತ್ರ ರೂಪಾನೂ ಇದೆ. 1980ರ ದಶಕದಲ್ಲಿ ಪೋಲೆಂಡ್‌ನ ಕೆಲವರು ಮೊದಲ ಸರದಿಯಲ್ಲೇ ಒಳ್ಳೆ ಕೈಗೆ ಪಾಸ್, ದುರ್ಬಲ ಕೈಗೆ ಬಿಡ್ ಅನ್ನೋ ಉಲ್ಟಾ ಪದ್ಧತಿ ಆಡ್ತಿದ್ರು. ಇಂಥ ಪದ್ಧತಿಗಳನ್ನ ವಿಶ್ವ ಬ್ರಿಡ್ಜ್ ಫೆಡರೇಶನ್ ‘ಬಹಳ ಅಸಾಮಾನ್ಯ’ ಅನ್ನೋ ಗುಂಪಿಗೆ ಹಾಕಿ, ಆಡೋ ಜಾಗಕ್ಕೆ ಮಿತಿ ಹಾಕಿದೆ. ಅದು ಬೇರೆ ಕಥೆ, ಇವತ್ತಿನ ಪಾಸ್ ಜೊತೆ ಬೆರೆಸಬೇಡಿ.

ನನಗೆ ಫೋರ್ಸಿಂಗ್ ಪಾಸ್ ಇಷ್ಟವಾಗೋದು ಯಾಕಂದ್ರೆ, ಗೊತ್ತಿಲ್ಲದ್ದನ್ನ ಗೊತ್ತಿರೋ ಹಾಗೆ ನಟಿಸದೆ ಪಾರ್ಟ್ನರ್ ಕೈಗೆ ಕೊಡೋದನ್ನ ಅದು ಕಲಿಸುತ್ತೆ. ಕೊಡೋ ಮುಂಚೆ ಅವರು ಬಿಡಲ್ಲ ಅನ್ನೋ ನಂಬಿಕೆ ಇರಬೇಕು, ಅಷ್ಟೇ.

ಫೋನ್‌ನಲ್ಲಿ ಬಿಬಿಒ ಆ್ಯಪ್ ಇದ್ರೆ ಒಬ್ಬ ಗೆಳೆಯ, ಗೆಳತಿ ಜೊತೆ ಇವತ್ತೇ ಕೂತು ನೋಡಿ. ಆದ್ರೆ ಮೊದಲು ಆ ಪ್ರಶ್ನೆ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.