ಶಬ್ದ ಕೇಳಿ ಮೂಳೆ ಬೆಳೆಯುತ್ತಾ?

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸೋಕೆ ಜಾರುವ ಅಡಿಕೆ ಮರ ಹತ್ತಿದವರು ಕೆಳಗೆ ಬಿದ್ದರೆ ಏನಾಗುತ್ತೆ ಅಂತ ಪುತ್ತೂರು, ಸುಳ್ಯ, ಕಡಬದವರಿಗೆ ನಾನು ಹೇಳಬೇಕಾಗಿಲ್ಲ. ಕಾಲು ಮುರಿಯುತ್ತೆ. ಕೆಲವರಿಗೆ ಮೂಳೆ ಕೂಡಿದರೂ ಕಾಲು ಗಿಡ್ಡವಾಗಿಬಿಡುತ್ತೆ. ಅಂದ ಹಾಗೆ, ಬೋರ್ಡುಗಳಲ್ಲಿ ಕಾಣುವ ‘ಪುತ್ತೂರು ಕಟ್ಟು’ ಇದೆಯಲ್ಲ, ಅದು ಈ ಪುತ್ತೂರಿನದ್ದಲ್ಲ, ಆಂಧ್ರದ ಪುತ್ತೂರಿನದ್ದು.

ಗಿಡ್ಡವಾದ ಕಾಲನ್ನು ಉದ್ದ ಮಾಡುವ ದಾರಿ ತೋರಿಸಿದ್ದು ಸೋವಿಯತ್ ದೇಶದ ಕುರ್ಗಾನ್ ಊರಿನ ಡಾಕ್ಟರ್ ಇಲಿಜರೋವ್, 1950ರ ದಶಕದಲ್ಲಿ. ಮೂಳೆ ಕತ್ತರಿಸಿ, ಕಾಲಿನ ಸುತ್ತ ಲೋಹದ ರಿಂಗ್ ಕೂರಿಸಿ, ದಿನಕ್ಕೆ 1 ಮಿಲಿಮೀಟರ್, ಅದೂ ನಾಲ್ಕು ಕಂತಲ್ಲಿ, ಎಳೀತಾ ಹೋಗೋದು. 5 ಸೆಂಟಿಮೀಟರ್ ಬೇಕಂದ್ರೆ 50 ದಿನ. ಅಷ್ಟಕ್ಕೇ ಮುಗೀತಾ? ಇಲ್ಲ. ಸಂದಿನಲ್ಲಿ ಹುಟ್ಟಿದ ಎಳೆ ಮೂಳೆ ಗಟ್ಟಿಯಾಗೋಕೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಅಲ್ಲೀವರೆಗೂ ರಿಂಗ್ ಕಾಲಲ್ಲೇ. ತಂತಿ ಚರ್ಮ ದಾಟುವ ಜಾಗದಲ್ಲಿ ಕೀವಾಗುವ ಭಯ. ಕೂಲಿ ಬಂದ್.

ಇಂಥ ಹೊತ್ತಲ್ಲಿ ‘ಈ ಅಲ್ಟ್ರಾಸೌಂಡ್ ಯಂತ್ರವನ್ನು ದಿನಕ್ಕೆ 20 ನಿಮಿಷ ಹಿಡೀರಿ, ಮೂಳೆ ಬೇಗ ಬಲಿಯುತ್ತೆ’ ಅಂದ್ರೆ ಯಾರಿಗೆ ಆಸೆಯಾಗಲ್ಲ ಹೇಳಿ? ಯಂತ್ರ ಮೋಸದ್ದಲ್ಲ. ಹೊಸ ಮುರಿತಗಳಿಗೆ ಅಮೆರಿಕ ಸರ್ಕಾರ 1994ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಆದರೆ 2016ರಲ್ಲಿ ಅಮೆರಿಕ, ಕೆನಡಾದ 501 ಮಂದಿ ಮೊಣಕಾಲ ಕೆಳಗೆ ಮೂಳೆ ಮುರಿದವರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಕೆಲವರಿಗೆ ಅಸಲಿ ಯಂತ್ರ, ಉಳಿದವರಿಗೆ ಶಬ್ದತರಂಗವೇ ಹೊರಡದ ಡಮ್ಮಿ. ಚೇತರಿಕೆಯಲ್ಲೂ ಎಕ್ಸ್‌ರೇಯಲ್ಲೂ ವ್ಯತ್ಯಾಸವೇ ಕಾಣಲಿಲ್ಲ. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಜ್ಞರ ತಂಡ, ಮುರಿತಕ್ಕೂ ಮೂಳೆ ಕತ್ತರಿಸಿ ಮಾಡುವ ಆಪರೇಷನ್‌ಗೂ ಇದು ಬೇಡ ಅಂತ ಖಡಾಖಂಡಿತವಾಗಿ ಹೇಳಿತು. ಸಣ್ಣ ಪರೀಕ್ಷೆಗಳಲ್ಲಿ ಲಾಭ ಕಂಡದ್ದುಂಟು, ಕಟ್ಟುನಿಟ್ಟಾಗಿ ನಡೆದವುಗಳಲ್ಲಿ ಅದು ನಿಲ್ಲಲಿಲ್ಲ.

ಹಾಗಾಗಿ ನಾನು ನೇರವಾಗಿ ಹೇಳ್ತೀನಿ, ಸೊಸೈಟಿಯಲ್ಲಿ ಹೆಂಡತಿಯ ಚಿನ್ನ ಅಡವಿಟ್ಟು ಈ ಯಂತ್ರ ತರಬೇಡಿ. ಆ ದುಡ್ಡು ಮಂಗಳೂರಿಗೆ ತಪ್ಪದೇ ತಪಾಸಣೆಗೆ ಹೋಗಿಬರೋಕೆ, ಫಿಸಿಯೋಥೆರಪಿಗೆ ಇರಲಿ. ಬೀಡಿ ಸೇದುವವರು ಇವತ್ತೇ ಬಿಡಿ. ಹೊಗೆ ಮೂಳೆ ಬೆಳೆಯೋದನ್ನು ನಿಧಾನ ಮಾಡುತ್ತೆ, ಇದರಲ್ಲಿ ಡಾಕ್ಟರುಗಳ ನಡುವೆ ಜಗಳವಿಲ್ಲ.

ಇನ್ನೊಂದು ಮಾತು. ಸೊಂಟನೋವಿಗೆ ಕ್ಲಿನಿಕ್‌ನಲ್ಲಿ ಹಿಡಿಯುವ ಅಲ್ಟ್ರಾಸೌಂಡ್ ಬೇರೆ, ಅದರ ತೀವ್ರತೆ ಹಲವು ಪಟ್ಟು ಹೆಚ್ಚು. ಡಾಕ್ಟರನ್ನು ಕೇಳದೆ ಅದನ್ನು ರಿಂಗ್ ಹಾಕಿದ ಕಾಲಿಗೆ ಹಿಡಿಸಿಕೊಳ್ಳಬೇಡಿ.