ನೋವು ಬರುವ ಮೊದಲೇ ಕೂತುಕೊಳ್ಳಿ: ಸೊಂಟದ ಕೀಲು ಬದಲಾದ ಮೇಲಿನ ದಿನಗಳು



ಸೊಂಟದ ಕೀಲು ಬದಲಿಸುವ ಆಪರೇಷನ್ ಎಂದ ಕೂಡಲೇ ಜನ ಕೇಳುವುದು ಹೊಸ ಕೀಲಿನ ಬಗ್ಗೆ. ಲೋಹದ್ದೋ ಸೆರಾಮಿಕ್‌ನದೋ, ಎಷ್ಟು ವರ್ಷ ಬಾಳುತ್ತದೆ, ಖರ್ಚೆಷ್ಟು? ಅದಕ್ಕೆಲ್ಲ ಉತ್ತರ ಹೇಳಲು ಶಸ್ತ್ರವೈದ್ಯರಿದ್ದಾರೆ. ಫಿಸಿಯೋಥೆರಪಿಸ್ಟ್ ಆದ ನಾನು ಇವತ್ತು ಮಾತಾಡುವುದು ರೋಗಿ ಮನೆಗೆ ಬಂದ ಮೇಲಿನ ದಿನಗಳ ಬಗ್ಗೆ. ಎಷ್ಟು ನಡೆಯಬೇಕು, ಯಾವಾಗ ನಿಲ್ಲಿಸಬೇಕು, ನೋವಿಗೆ ಏನು ಮಾಡಬೇಕು ಎಂಬುದರ ಬಗ್ಗೆ.

ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲೀ ಮೊದಲು ಟೆಫ್ಲಾನ್ ಬಟ್ಟಲು ಬಳಸಿ ಕೀಲು ಕೂರಿಸಿದರು. ಅವು ಕೆಲವೇ ವರ್ಷಗಳಲ್ಲಿ ಸವೆದುಹೋದವು. 1962ರಲ್ಲಿ ಪಾಲಿಎಥಿಲೀನ್ ಬಟ್ಟಲು ಬಂದ ಮೇಲೆ ಈ ಚಿಕಿತ್ಸೆ ನೆಲೆ ನಿಂತಿತು. 2007ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ಲೇಖನವೊಂದು ಇದನ್ನು ಶತಮಾನದ ಶಸ್ತ್ರಚಿಕಿತ್ಸೆ ಎಂದೇ ಕರೆಯಿತು. ಆ ಮೊದಲ ಕಾಲದಲ್ಲಿ ರೋಗಿ ವಾರಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲೇ ಇರುತ್ತಿದ್ದ. 1990ರ ದಶಕದಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಮುಂತಾದವರು ನೋವನ್ನು ನಾಲ್ಕಾರು ಕಡೆಯಿಂದ ಹಿಡಿತಕ್ಕೆ ತಂದು ರೋಗಿಯನ್ನು ಬೇಗ ಎಬ್ಬಿಸುವ ಪದ್ಧತಿಗೆ ದಾರಿ ಮಾಡಿದರು. ಈಗ ಅದೇ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ, ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ರಕ್ತ ಹೆಪ್ಪುಗಟ್ಟುವುದು, ಶ್ವಾಸಕೋಶದ ಸೋಂಕು ಇದರಿಂದ ಕಡಿಮೆಯಾಗಿವೆ. ಆದರೆ ನರ್ಸ್ ನೋಡಿಕೊಳ್ಳುತ್ತಿದ್ದ ಕೆಲಸ ಮಗಳು, ಸೊಸೆ, ಗಂಡನ ಪಾಲಿಗೆ ಬಂದಿದೆ. ಅವರಿಗೆ ಹೇಳಿಕೊಟ್ಟು ಕಳಿಸುವವರು ಕಡಿಮೆ.

ಹಳೆಯ ನೋವು ಸವೆದ ಕೀಲಿನದು. ಅದು ಬಹಳ ಜನರಿಗೆ ಆಪರೇಷನ್ ಆದ ಮರುದಿನವೇ ಇರುವುದಿಲ್ಲ. ಈಗಿರುವುದು ಕತ್ತರಿಸಿ ಸರಿಸಿದ ಸ್ನಾಯುಗಳ ನೋವು. ತೊಡೆ ಭಾರವಾಗುತ್ತದೆ, ಮಂಡಿಯವರೆಗೂ ನೋಯಬಹುದು, ಕಂದಿದ ಬಣ್ಣ ಕೆಳಗಿಳಿಯುತ್ತದೆ, ಸಂಜೆಗೆ ಪಾದ ಊದುತ್ತದೆ. ಊತ ಕೆಲವು ತಿಂಗಳು ಇರುವುದೂ ಉಂಟು. ನೋವಾಯಿತು ಎಂದ ಮಾತ್ರಕ್ಕೆ ಕೀಲಿಗೆ ಪೆಟ್ಟಾಯಿತು ಎಂದಲ್ಲ. ಇಷ್ಟನ್ನು ನಂಬಿಸಲು ನನಗೆ ವ್ಯಾಯಾಮ ಕಲಿಸುವುದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ.

ಮಾತ್ರೆಯ ವಿಷಯದಲ್ಲಿ ನಮ್ಮವರಲ್ಲೊಂದು ಹಟವಿದೆ: ತಡೆಯಲಾಗದಷ್ಟು ನೋವಾದ ಮೇಲೆ ತಗೊಂಡರಾಯಿತು ಎಂದು. ಮೊದಲ ವಾರಗಳಲ್ಲಿ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಗಡಿಯಾರ ನೋಡಿ ತೆಗೆದುಕೊಳ್ಳಬೇಕು. ನೋವು ಏರಿಬಿಟ್ಟ ಮೇಲೆ ಇಳಿಸಲು ಹೆಚ್ಚು ಔಷಧಿ ಬೇಕು. ಅಷ್ಟರಲ್ಲಿ ಆ ಹೊತ್ತಿನ ವ್ಯಾಯಾಮವೂ ತಪ್ಪಿರುತ್ತದೆ, ನಿದ್ದೆಯೂ ಕೆಟ್ಟಿರುತ್ತದೆ. ವ್ಯಾಯಾಮಕ್ಕೆ ಅರ್ಧ, ಮುಕ್ಕಾಲು ಗಂಟೆ ಮೊದಲು ಮಾತ್ರೆ ಬೀಳುವಂತೆ ಹೊಂದಿಸಿಕೊಂಡರೆ ಒಳ್ಳೆಯದು. ಪ್ಯಾರಾಸಿಟಮಾಲ್ ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ದಾಟಬಾರದು. ತೂಕ ಕಡಿಮೆ ಇದ್ದವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ಮಿತಿ ಇನ್ನೂ ಕೆಳಗೆ. ಅಂಗಡಿಯಿಂದ ತರುವ ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತದೆ ಎಂಬುದು ಮರೆಯದಿರಲಿ. ಡೈಕ್ಲೋಫೆನಾಕ್‌ನಂಥವು ಮೂತ್ರಪಿಂಡಕ್ಕೂ ಹೊಟ್ಟೆಗೂ ತೊಂದರೆ ಕೊಡಬಹುದು, ಸ್ವಂತ ತೀರ್ಮಾನದ ಮೇಲೆ ನುಂಗಬೇಡಿ. ಟ್ರಮಡಾಲ್‌ನಿಂದ ಮಲಬದ್ಧತೆ, ತಲೆಸುತ್ತು ಬರಬಹುದು. ಬಟ್ಟೆಯಲ್ಲಿ ಸುತ್ತಿದ ಐಸನ್ನು 15–20 ನಿಮಿಷ ಇಟ್ಟರೆ ಊತಕ್ಕೆ ಹಿತ. ಬಿಸಿ ಎಣ್ಣೆ ಹಚ್ಚಿ ಕಾಲು ತಿಕ್ಕುವ ಪ್ರೀತಿ ಮಾತ್ರ ಬೇಡ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಅಪಾಯ.

ಇನ್ನು ಚಟುವಟಿಕೆಯ ಅಳತೆ. ಇದಕ್ಕಾಗಿಯೇ ನಾನು ಇಲ್ಲಿ ನಿಂತಿದ್ದೇನೆ.

ಅಮೆರಿಕದ ಸಿಯಾಟಲ್‌ನ ಮನಃಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ 1976ರ ತಮ್ಮ ಪುಸ್ತಕದಲ್ಲಿ ಹಳೆಯ ನೋವಿನ ರೋಗಿಗಳ ಬಗ್ಗೆ ಬರೆದರು. ನೋವು ಬಂದಾಗಲೇ ವಿಶ್ರಾಂತಿ ಸಿಗುತ್ತಿದ್ದರೆ ಅವೆರಡಕ್ಕೂ ಗಂಟು ಬೀಳುತ್ತದೆ. ಆದ್ದರಿಂದ ಇಷ್ಟು ಕೆಲಸ ಎಂದು ಮೊದಲೇ ಗೊತ್ತುಮಾಡಿ, ಅದು ಮುಗಿದಾಗ ನಿಲ್ಲಬೇಕು ಎಂದರು. ಅವರು ಕಂಡದ್ದು ವರ್ಷಗಟ್ಟಲೆ ನರಳಿದವರನ್ನು. ಆದರೂ ಆಪರೇಷನ್ ನಂತರದ ದಿನಗಳಿಗೂ ಈ ತಿಳಿವಳಿಕೆ ಒದಗುತ್ತದೆ ಎಂಬುದು ನನ್ನ ಅನುಭವ.

ಮಲೆನಾಡಿನ ಒಬ್ಬ ತಾಯಿ. ಆಪರೇಷನ್ ಆಗಿ ಮೂರನೆಯ ವಾರ, ಗೌರಿ ಹಬ್ಬ ಹತ್ತಿರ. ಒಂದು ಬೆಳಗ್ಗೆ ನೋವೇ ಇಲ್ಲ. ವಾಕರನ್ನು ಗೋಡೆಗೆ ಒರಗಿಸಿ ನಾಗಂದಿಗೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿದರು, ಒಲೆ ಮುಂದೆ ನಿಂತು ಅಡುಗೆ ಮುಗಿಸಿದರು. ರಾತ್ರಿ ತೊಡೆ ಬಿಗಿದುಕೊಂಡಿತು, ಕಾಲು ಊದಿತು. ಮರುದಿನ ಹಾಸಿಗೆ ಬಿಡಲಿಲ್ಲ, ಅದರ ಮರುದಿನವೂ ಇಲ್ಲ. "ಕೀಲು ಏನಾದ್ರೂ ಜಾರಿದೆಯಾ ಮೇಡಂ?" ಎಂದು ಸೊಸೆ ಗಾಬರಿಯಾಗಿದ್ದಳು. ಜಾರಿರಲಿಲ್ಲ. ಒಂದೇ ದಿನ ಮೂರು ದಿನದ ಕೆಲಸವಾಗಿತ್ತು, ಅಷ್ಟೆ. ಅಡುಗೆಮನೆಗೆ ಎತ್ತರದ ಕುರ್ಚಿ ತರಿಸಿದೆವು. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಅಲಾರಂ. ಹೊಡೆದ ಕೂಡಲೇ ಕೂರಬೇಕು. "ಇನ್ನೂ ನೋವೇ ಬಂದಿಲ್ಲ, ಈಗ್ಲೇ ಕೂತ್ಕೊಳ್ಳೋದಾ?" ಎಂದರು. "ಹೌದಮ್ಮ, ಬಂದಿಲ್ಲ ಅಂತ್ಲೇ ಕೂತ್ಕೊಳ್ಳಬೇಕು" ಎಂದೆ.

ಲೆಕ್ಕ ಸುಲಭ. ಆರಾಮವಾಗಿ ಹತ್ತು ನಿಮಿಷ ನಡೆಯಬಲ್ಲವರು ಎಂಟು ನಿಮಿಷಕ್ಕೆ ನಿಲ್ಲಲಿ, ದಿನಕ್ಕೆ ನಾಲ್ಕು ಸಲ ನಡೆಯಲಿ. ಒಳ್ಳೆಯ ದಿನ ಹೆಚ್ಚು ಬೇಡ. ಕೆಟ್ಟ ದಿನ ಕಡಿಮೆ ಮಾಡಿ, ಆದರೆ ಪೂರ್ತಿ ಬಿಡಬೇಡಿ. ನಡೆಯುವಾಗ ಸ್ವಲ್ಪ ನೊಂದು, ಕೂತ ಮೇಲೆ ಇಳಿದರೆ ಚಿಂತೆಯಿಲ್ಲ. ಮರುದಿನ ಬೆಳಗ್ಗೆಯೂ ನೋವು ಹೆಚ್ಚೇ ಇದ್ದರೆ ಹಿಂದಿನ ದಿನದ್ದು ಅತಿಯಾಯಿತು ಎಂದರ್ಥ. ಕೆಲವು ದಿನ ಸರಿಹೋದ ಮೇಲೆ ಒಂದೆರಡು ನಿಮಿಷ ಏರಿಸಿ. ಕ್ಯಾಲೆಂಡರಿನ ಮೇಲೇ ಗುರುತು ಹಾಕಿಕೊಳ್ಳಿ.

ಊರುಗೋಲು ಆಪರೇಷನ್ ಆದ ಕಾಲಿನ ಎದುರು ಕೈಯಲ್ಲಿರಬೇಕು. ಒಂಟಿ ಕಾಲಿನ ಮೇಲೆ ನಿಂತಾಗ ಪಕ್ಕದ ಸ್ನಾಯುಗಳ ಎಳೆತವೂ ಸೇರಿ ಕೀಲಿನ ಮೇಲೆ ದೇಹತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳುತ್ತದೆ. ಎದುರು ಕೈಯ ಕೋಲು ಆ ಎಳೆತವನ್ನೇ ತಗ್ಗಿಸುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದದ್ದು ಮೊದಲು.

ನಮ್ಮ ಬದುಕು ನೆಲದ ಮೇಲಿನದು. ಮಣೆ, ಈಳಿಗೆ, ಚಕ್ಕಳಮಕ್ಕಳ, ಕುಕ್ಕರುಗಾಲಿನ ಶೌಚ. ಹಿಂಬದಿಯಿಂದ ಕೀಲು ಕೂರಿಸಿದ್ದರೆ ಆರರಿಂದ ಹನ್ನೆರಡು ವಾರ ಸೊಂಟ 90 ಡಿಗ್ರಿಗಿಂತ ಹೆಚ್ಚು ಬಾಗದಂತೆ, ಕಾಲಿನ ಮೇಲೆ ಕಾಲು ಬಾರದಂತೆ ನೋಡಿಕೊಳ್ಳಲು ಸಾಮಾನ್ಯವಾಗಿ ಹೇಳುತ್ತಾರೆ. ನಿಮಗೆಷ್ಟು ಕಾಲ ಎಂಬುದನ್ನು ಶಸ್ತ್ರವೈದ್ಯರಿಂದ ಬರೆಸಿಕೊಳ್ಳಿ. ಆಪರೇಷನ್ನಿಗೆ ಮೊದಲೇ ಕಮೋಡ್, ಎತ್ತರದ ಮಂಚ ಹೊಂದಿಸಿಡಿ.

ಮೀನಖಂಡದಲ್ಲಿ ಹೊಸ ನೋವು, ಊತ, ಜ್ವರ, ಗಾಯ ಜಿನುಗುವುದು, ಹಠಾತ್ತನೆ ಕಾಲು ತಿರುಗಿ ಗಿಡ್ಡವಾಗಿ ನಿಲ್ಲಲಾಗದಿರುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ, ಎದೆ ನೊಂದರೆ ಒಂದು ಗಳಿಗೆಯೂ ಕಾಯಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ.

ಕೊನೆಗೆ ಒಂದು ಸಂಕಟ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆ ಸೊಂಟದ ಕೀಲನ್ನೇ ತಿನ್ನುವಂಥದ್ದು. ಅದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ದಲಿತ ಕೂಲಿ ಕುಟುಂಬದವರು. ಹತ್ತು ನಿಮಿಷ ದುಡಿದು ಕೂತುಕೊಳ್ಳಿ ಎಂದು ದಿನಗೂಲಿಯವರಿಗೆ ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ. ಚಿಕಿತ್ಸೆಯ ಖರ್ಚು ಕೊಟ್ಟರಷ್ಟೇ ಸಾಲದು. ಚೇತರಿಸಿಕೊಳ್ಳುವ ಮೂರು ತಿಂಗಳ ಕೂಲಿಯನ್ನೂ ಅದರ ಜೊತೆಗೇ ಲೆಕ್ಕ ಹಿಡಿಯಬೇಕು. ಡಿಸ್ಚಾರ್ಜ್ ಚೀಟಿಯ ಜೊತೆ ಯಾವ ಮಾತ್ರೆ ಎಷ್ಟು ಗಂಟೆಗೆ, ಎಷ್ಟು ನಡಿಗೆ, ಯಾವಾಗ ಯಾರಿಗೆ ಫೋನ್ ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆ ಪ್ರತಿ ರೋಗಿಯ ಕೈಗೆ ಸಿಗಬೇಕು. ಇಲ್ಲಿರುವ ವೈದ್ಯ ಮಿತ್ರರು ಒಪ್ಪಿದರೆ ಆ ಹಾಳೆಯ ಕರಡನ್ನು ನಾನೇ ಸಿದ್ಧಮಾಡಿ ಕೊಡುತ್ತೇನೆ.